ಅವ್ವನ ಸಾಲು ಖಾಲಿ ಇರಲಿ

ಲಿಟಲ್ ಸೀಡರ್, ಅಲಬಾಮಾ
೧೦ ಆಗಸ್ಟ್

ಮಗಳು ಗಂಗಾಗೆ,

ಪತ್ರ ಶುರು ಮಾಡುವಾಗ 'ಇತ್ತ ನಾವೆಲ್ಲ ಕ್ಷೇಮ' ಎಂದು ಬರೆಯಬೇಕೆಂದು ನೀನೇ ಕಲಿಸಿದ್ದೆ. ಇತ್ತ ಇರುವುದು ನಾನೊಬ್ಬಳೇ, ಕ್ಷೇಮವಾಗಿಯೇ ಇದ್ದೇನೆ. ಆದರೆ ಮೊದಲು ನಾಯಿಯ ಸುದ್ದಿ ಹೇಳಬೇಕು. ಭಾನುವಾರ ಫೋನಿನಲ್ಲಿ ಹೇಳಲಿಲ್ಲ. ಭೀಮೇಶ ಫೋನಿನ ದನಿ ದೊಡ್ಡದು ಮಾಡಿ ಓಣಿಗೆಲ್ಲ ಕೇಳಿಸುತ್ತಾನೆ. ನಿನ್ನ ತಮ್ಮನಿಗೆ ಇದು ಗೊತ್ತಾದರೆ 'ಅಕೀನ ಒಬ್ಬಾಕೀನ ಕಳಸಬ್ಯಾಡ್ರಿ ಅಂತ ನಾ ಮೊದಲ ಹೇಳಿದ್ದೆ' ಎಂದು ದೀಪಾವಳಿಯ ತನಕ ಹೇಳುತ್ತಾನೆ.

ಅಟ್ಲಾಂಟಾ ಎಂಬಲ್ಲಿ ವಿಮಾನ ಇಳಿದು, ನೀನು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಚೀಟಿ ಕೊರಳಿಗೆ ಕಟ್ಟಿಕೊಂಡು ನಿಂತಿದ್ದೆ. ಜೋಲು ಕಿವಿಯ ಒಂದು ಗಿಡ್ಡ ನಾಯಿ ಬಂದು ನನ್ನ ಚೀಲದ ಬಾಜು ಕುಳಿತುಬಿಟ್ಟಿತು. ಬೊಗಳಲಿಲ್ಲ, ಗುರುಗುಡಲಿಲ್ಲ. ಕುಳಿತು ನನ್ನ ಮುಖ ನೋಡಿತು, ಅಷ್ಟೆ. ನಮ್ಮ ಮೊರಬದ ನಾಯಿಗಳಿಗೆ ಇಷ್ಟು ಮರ್ಯಾದೆ ಎಲ್ಲಿಂದ ಬರಬೇಕು ಎಂದುಕೊಂಡೆ. ಅದರ ಹಿಂದೆ ಸರಕಾರಿ ಅಂಗಿ ಹಾಕಿದ ಕಪ್ಪು ಹೆಣ್ಣುಮಗಳೊಬ್ಬಳು ಬಂದು ಚೀಲ ಬಿಚ್ಚಿದಳು. ಕೌದಿ ತೆಗೆದಳು. ನಾಯಿ ಮತ್ತೆ ಕೌದಿಯ ಬಾಜು ಕುಳಿತಿತು.

ಆಗ ನನಗೆ ಹೊಳೆಯಿತು. ಕೌದಿಯ ಕೊನೆಯ ಮೂಲೆ ಮುಚ್ಚುವಾಗ ಒಳಗೆ ಒಂದು ಚೂರು ಹೋಳಿಗೆ, ಒಂದು ಚಿಟಿಕೆ ಜೋಳ ಇಟ್ಟಿದ್ದೆನಲ್ಲ. ಹಸಿದ ಹೊಟ್ಟೆಯ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎಂದು ನನ್ನ ಅತ್ತೆ ಹೇಳಿದ್ದು ನಾನು ಇವತ್ತಿನವರೆಗೆ ಮೀರಿಲ್ಲ. 'ಊಟದ ಸಾಮಾನು ಏನೂ ಇಲ್ಲ' ಎಂದು ನೀನು ಅವರ ಕಾಗದದಲ್ಲಿ ತುಂಬಿಕೊಟ್ಟಿದ್ದೆ. ಕೌದಿ ಉಂಡದ್ದೂ ಲೆಕ್ಕಕ್ಕೆ ಬರುತ್ತದೆಂದು ನಿನಗಾಗಲಿ ನನಗಾಗಲಿ ಹೊಳೆಯಲಿಲ್ಲ ನೋಡು.

ಹಿಂದಿ ಬಲ್ಲ ಒಬ್ಬ ಹುಡುಗನನ್ನು ಕರೆಸಿದರು. ನನಗೆ ಬರುವ ನಾಲ್ಕು ಹಿಂದಿ ಮಾತಿನಲ್ಲಿ, ಇದು ನನ್ನ ಊಟ ಅಲ್ಲ, ಕೌದಿಯ ಊಟ ಎಂದೆ. ಅವನು ಅದನ್ನು ಅವಳಿಗೆ ಹೇಳಿದ. ಅವಳು ನಗಲಿಲ್ಲ. ಸಣ್ಣ ಕತ್ತರಿಯಿಂದ ನಾಲ್ಕು ಬೆರಳಿನಷ್ಟು ಹೊಲಿಗೆ ಮಾತ್ರ ಬಿಚ್ಚಿ, ಹೋಳಿಗೆ ಜೋಳ ತೆಗೆದು ಚೀಟಿ ಅಂಟಿಸಿದ ಚೀಲಕ್ಕೆ ಹಾಕಿದಳು. ಆಮೇಲೆ ಹೊಲಿಗೆಯ ಮೇಲೆ ಕೈಯಾಡಿಸುತ್ತ ಸ್ವಲ್ಪ ಹೊತ್ತು ನಿಂತು, ತನ್ನ ಕಿಸೆಯಿಂದ ಎರಡು ಪಿನ್ನು ತೆಗೆದು ಬಿಚ್ಚಿದ ಬಾಯಿಗೆ ಹಾಕಿಕೊಟ್ಟಳು. ತನ್ನ ಅಜ್ಜಿಯೂ ಕೌದಿ ಹೊಲಿಯುತ್ತಿದ್ದಳೆಂದು ಆ ಹುಡುಗನ ಕೈಲಿ ಹೇಳಿಸಿದಳು. ತಪ್ಪು ಮಾಡಿದವಳಿಗೆ ಇಷ್ಟು ಗೌರವ ಕೊಟ್ಟು ಕಳಿಸುವ ಪೊಲೀಸರನ್ನು ನಾನು ಮೊದಲ ಸಲ ನೋಡಿದ್ದು.

ನನ್ನನ್ನು ಇಲ್ಲಿಗೆ ಕರೆಸಿದ ಡೆಬ್ರಾ ಬಾಯಿ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಜಮಖಾನ ನೋಡಲು ನವಲಗುಂದಕ್ಕೆ ಬಂದವಳು ಮೊರಬದಲ್ಲಿ ನಮ್ಮ ಗೋಡೆಯ ಮೇಲೆ ಒಣಹಾಕಿದ ಕೌದಿ ಕಂಡು ಕಾರು ನಿಲ್ಲಿಸಿದ್ದು ನನಗಿನ್ನೂ ನಂಬಿಕೆ ಬರದ ಮಾತು. ಮೂರು ತಿಂಗಳು ಇಲ್ಲಿಯ ಹೆಂಗಸರ ಜೊತೆ ಕುಳಿತು ಹೊಲಿಯಬೇಕು, ಅವರದು ನಾನು ಕಲಿಯಬೇಕು, ನನ್ನದು ಅವರು. ನಾನಿರುವುದು ಅರ್ಲೀನಕ್ಕನ ಮನೆಯಲ್ಲಿ. ಎಂಬತ್ತೊಂದು ವರ್ಷ, ಕಪ್ಪು ಜನ, ಬೆನ್ನು ನೆಟ್ಟಗೆ. ಅವಳಿಗೆ ಕನ್ನಡ ಬಾರದು, ನನಗೆ ಇಂಗ್ಲಿಷ್ ಬಾರದು. ಆದ್ದರಿಂದ ಇನ್ನೂ ಜಗಳವಾಗಿಲ್ಲ.

ಫೋನಿನ ಸಿಗ್ನಲ್ಲು ಚರ್ಚಿನ ಮುಂದೆ ಮಾತ್ರ. ಅದಕ್ಕೇ ಪತ್ರ. ಹತ್ತು ವರ್ಷದ ಹುಡುಗಿ ಪಾಟಿಯ ಮೇಲೆ ಬರೆಸಿ ಬರೆಸಿ ತನ್ನ ಅವ್ವನಿಗೆ ಅಕ್ಷರ ಕಲಿಸಿದ್ದು ಎಲ್ಲಾದರೂ ಉಪಯೋಗಕ್ಕೆ ಬರಬೇಕಲ್ಲ. ಮಾತಾಡುವಾಗ ನಮ್ಮ ಮಾತು ಬರುತ್ತದೆ, ಬರೆಯಲು ಕುಳಿತರೆ ನಿನ್ನ ಪಾಠದ ಪುಸ್ತಕದ ಕನ್ನಡ. ಕೈಗೆ ಅದೇ ರೂಢಿ. ಕೌದಿ ಇನ್ನೂ ಎರಡು ಪಿನ್ನಿನ ಮೇಲೆ ನಿಂತಿದೆ. ಇಲ್ಲಿ ಅದಕ್ಕೆ ಏನು ತಿನ್ನಿಸಬೇಕೋ ತಿಳಿಯದು.

ನಿನ್ನ ಅವ್ವ,
ಮಾದೇವಿ


ಮೊರಬ
೨೭ ಆಗಸ್ಟ್

ಅವ್ವ,

ನಿನ್ನ ನಾಯಿ ನಮ್ಮ ಶಾಲೆಯಲ್ಲಿ ಬಹಳ ಪ್ರಸಿದ್ಧವಾಗಿದೆ. ಎಂಟನೆಯ ತರಗತಿಗೆ ನಿನ್ನ ಪತ್ರ ಓದಿದೆ. ನಕ್ಕು ನಕ್ಕು ಮುಗಿದ ಮೇಲೆ, ಆ ಹೋಳಿಗೆಯನ್ನು ಕೊನೆಗೆ ನಾಯಿ ತಿಂದಿತೋ ಇಲ್ಲವೋ ಎಂಬ ಚರ್ಚೆ ಸಮಾಜ ವಿಜ್ಞಾನದ ಅವಧಿಯನ್ನೆಲ್ಲ ತಿಂದಿತು.

ಮರುದಿನ ಅಲಬಾಮಾದ ಜನಸಂಖ್ಯೆಯ ಪಾಠ ಮಾಡಿದೆ. ಪುಸ್ತಕದಲ್ಲಿಲ್ಲ, ನಿನ್ನ ನೆಪದಲ್ಲಿ ಮಾಡಿದ್ದು. ಅಲ್ಲಿಯ ಜನ ಐವತ್ತು ಲಕ್ಷದ ಮೇಲೆ ಸ್ವಲ್ಪ. ನಮ್ಮ ತರಗತಿಯಲ್ಲಿ ಐವತ್ತು ಮಕ್ಕಳು. ತಲೆಗೊಂದು ಲಕ್ಷ ಎಂದು ಅಂಗಳದಲ್ಲಿ ಸುಣ್ಣದ ಗೆರೆ ಹಾಕಿ ನಿಲ್ಲಿಸಿದೆ. ಮೂವತ್ತೆರಡು ಮಕ್ಕಳು ಬಿಳಿಯರ ಖಾನೆಗೆ ಹೋದರು. ಹದಿಮೂರು ಮಕ್ಕಳು ಕಪ್ಪು ಜನರ ಖಾನೆಗೆ. ಉಳಿದ ಐವರಲ್ಲಿ ಮೂವರು ಎರಡು ಕುಲ ಕೂಡಿ ಹುಟ್ಟಿದವರು, ಒಬ್ಬ ಏಷ್ಯಾದವನು, ಒಬ್ಬ ಯಾವುದಕ್ಕೂ ಸೇರದವನು. ಸ್ಪ್ಯಾನಿಷ್ ಮೂಲದವರನ್ನು ಬೇರೆಯೇ ಪ್ರಶ್ನೆ ಕೇಳಿ ಎಣಿಸುತ್ತಾರಂತೆ, ಅದನ್ನು ವಿವರಿಸಲು ಹೋಗಿ ನಾನೇ ಎಡವಿದೆ. ಆ ನೆಲದ ಮೂಲನಿವಾಸಿಗಳ ಪಾಲಿಗೆ ಅರ್ಧ ಮಗುವೂ ಬರಲಿಲ್ಲ. ಅರ್ಧ ಮಗುವನ್ನು ಎಲ್ಲಿಂದ ತರಲಿ? ಆ ಖಾನೆಯಲ್ಲಿ ಒಂದು ಜೋಡಿ ಚಪ್ಪಲಿ ಇಟ್ಟೆವು.

ನಮ್ಮ ಓಣಿಯ ಶಿವಾನಿ ಕೈ ಎತ್ತಿದಳು. 'ಮೇಡಂ, ನಾವು ಅಲ್ಲಿ ಹ್ವಾದ್ರ ಎಲ್ಲಿ ನಿಂದ್ರೂದ್ರಿ?'

ಏಷ್ಯಾದವನ ಬಾಜು, ಎಂದೆ. ಐವತ್ತೂ ಜನ ಹೋಗಿ ಆ ಒಂದೇ ಖಾನೆಯಲ್ಲಿ ನಿಂತರು. ಶಂಕ್ರಪ್ಪ ಗೌಡರ ಮೊಮ್ಮಗಳು, ಕಟ್ಟಿಗೆ ಅಡ್ಡೆಯ ಜುಲೇಖಾಬಿಯ ಮೊಮ್ಮಗ, ಶಿವಾನಿ, ಎಲ್ಲರೂ ಒತ್ತಾಗಿ, ಕಾಲು ತುಳಿದಾಡುತ್ತ. ಇಡೀ ಮೊರಬ ಒಂದೇ ಖಾನೆಯಲ್ಲಿ ನಿಂತದ್ದನ್ನು ನಾನು ಮೊದಲು ಕಂಡಿರಲಿಲ್ಲ. ಗಂಟೆ ಹೊಡೆದ ಮೇಲೂ ಅವರನ್ನು ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟೆ.

ಈಗ ನಿನಗೊಂದು ಮನೆಗೆಲಸ. ನಿನ್ನ ಕಣ್ಣಿಗೆ ಅಲ್ಲಿಯ ಜನ ಹೇಗಿದ್ದಾರೆ, ಯಾರು ಎಷ್ಟಿದ್ದಾರೆ, ಬರೆ. ಅಂಕಿ ನನ್ನಲ್ಲಿದೆ, ಮನುಷ್ಯರು ಬೇಕು.

ಇಲ್ಲಿಯೂ ಎಣಿಕೆ ಶುರುವಾಗುತ್ತಿದೆ. ಮುಂದಿನ ತಿಂಗಳು ಸಮೀಕ್ಷೆ, ಮನೆಮನೆಗೆ ಹೋಗಿ ಜಾತಿ, ಧರ್ಮ, ಓದು, ಉದ್ಯೋಗ ಎಲ್ಲ ಕೇಳಿ ಫೋನಿನಲ್ಲಿ ತುಂಬಬೇಕು. ಮಾಸ್ತರರಿಗೆ ಬಿಟ್ಟರೆ ಇನ್ಯಾರಿಗೆ ಬರಬೇಕು ಈ ಕೆಲಸ. ನನಗೆ ನಮ್ಮ ಓಣಿಯೇ ಬಂದಿದೆ, ಅಂದರೆ ನಮ್ಮ ಮನೆಯೂ ನನ್ನದೇ ಪಟ್ಟಿಯಲ್ಲಿದೆ. ಅಪ್ಪ ಇದ್ದಾಗ ಗಣತಿಯವರು ಬಂದರೆ ಅಂಗಳದಲ್ಲಿ ಕುರ್ಚಿ ಹಾಕಿ, 'ಧರ್ಮ ಬೌದ್ಧ, ಬರ್ಕೋರಿ' ಎಂದು ಮೊದಲ ಪ್ರಶ್ನೆಗೂ ಮುಂಚೆ ಹೇಳುತ್ತಿದ್ದದ್ದು ನೆನಪಾಯಿತು. ಅಪ್ಪ ಹೋಗಿ ಆರು ವರ್ಷ. ಆ ಕುರ್ಚಿ ಇನ್ನೂ ಇದೆ.

ನಿನ್ನ ಗಂಗಾ


ಲಿಟಲ್ ಸೀಡರ್
೧೪ ಸೆಪ್ಟೆಂಬರ್

ಗಂಗಾ,

ನಿನ್ನ ಮನೆಗೆಲಸ ಮಾಡಿದ್ದೇನೆ, ತಿದ್ದು.

ನಿನ್ನ ಸುಣ್ಣದ ಗೆರೆಗಳು ಈ ಊರಿಗೆ ಹೊಂದುವುದಿಲ್ಲ. ಇಡೀ ರಾಜ್ಯದಲ್ಲಿ ನಾಲ್ಕರಲ್ಲಿ ಒಬ್ಬರು ಕಪ್ಪು ಜನವಿರಬಹುದು, ಈ ತಾಲೂಕಿನಲ್ಲಿ ಹತ್ತರಲ್ಲಿ ಏಳು. ಉತ್ತರದ ಗುಡ್ಡಗಳ ಕಡೆ ಹೋದರೆ ಊರಿಗೆ ಊರೇ ಬಿಳಿ. ಯಾಕೆ ಹೀಗೆ ಎಂದು ಕೇಳಬೇಕಾಗಲಿಲ್ಲ, ಮಳೆ ಬಂದ ಮರುದಿನ ಚಪ್ಪಲಿಯೇ ಹೇಳಿತು. ಎರಿ ಮಣ್ಣು! ನಮ್ಮ ನವಲಗುಂದದ್ದೇ, ಕಾಲಿಗೆ ಹತ್ತಿದರೆ ಬಿಡದ ಜಾತಿ. ಎರಿ ಇದ್ದಲ್ಲಿ ಹತ್ತಿ. ಹತ್ತಿ ಇದ್ದಲ್ಲಿ ಬಿಡಿಸುವ ಕೈ ಬೇಕು. ಆ ಕೈಗಳನ್ನು ಹಡಗಿನಲ್ಲಿ ತುಂಬಿ ತಂದರು. ಆ ಕೈಗಳ ಮೊಮ್ಮಕ್ಕಳ ಮೊಮ್ಮಕ್ಕಳು ಈಗ ಇಲ್ಲಿಯ ಜನ.

ಹೋದ ವಾರ ಅರ್ಲೀನಕ್ಕ ಹೊಲ ತೋರಿಸಲು ಕರೆದೊಯ್ದಳು. ಮನೆಯಷ್ಟು ದೊಡ್ಡ ಯಂತ್ರ ಅರವತ್ತು ಹೆಂಗಸರ ದಿನದ ಕೆಲಸವನ್ನು ಚಹಾ ಕುಡಿಯುವಷ್ಟರಲ್ಲಿ ಮಾಡಿ ಮುಗಿಸುತ್ತದೆ. ಬದುವಿನಲ್ಲಿ ನಿಂತು ನೋಡಿದೆವು. ಅರ್ಲೀನಕ್ಕ ಯಂತ್ರ ಬಿಟ್ಟುಹೋದ ಒಂದು ಕಾಯಿ ಬಿಡಿಸಿದಳು, ಅರಳೆಗೆ ಕಸ ಹತ್ತದ ಹಾಗೆ, ಒಂದೇ ಎಳೆತದಲ್ಲಿ. ನಾನೂ ಒಂದು ಬಿಡಿಸಿದೆ. ಅವಳು ನನ್ನ ಕೈ ಹಿಡಿದು ಉಗುರಿನ ಬುಡ ನೋಡಿದಳು. ಹತ್ತಿಕಾಯಿಯ ಮುಳ್ಳು ಕೀರಿದ ಕಲೆ ಇರುತ್ತದಲ್ಲ, ಅಲ್ಲಿ. ತನ್ನದನ್ನೂ ತೋರಿಸಿದಳು. ಅವಳು ಬಿಟ್ಟು ಅರವತ್ತು ವರ್ಷವಾಗಿದೆ, ಕಲೆ ಹೋಗಿಲ್ಲ. ಇಬ್ಬರೂ ಅಲ್ಲಿಯೇ ಕುಳಿತು ಸುಮ್ಮನೆ ನಕ್ಕೆವು. ಆ ಹೆಂಗಸಿನ ಮೇಲೆ ನನಗೆ ಎಷ್ಟು ಗೌರವ ಬಂದಿದೆ ಎಂದು ಬರೆಯಲು ನೀನು ಕಲಿಸಿದ ಅಕ್ಷರ ಸಾಲುವುದಿಲ್ಲ.

ಬಿಳಿಯರ ಸುದ್ದಿ ಕೇಳು. ನಿಮ್ಮ ಹಿರಿಯರು ಯಾವ ದೇಶದಿಂದ ಬಂದರು ಎಂದು ಕೇಳಿದರೆ ಬಹಳ ಮಂದಿ 'ಅಮೆರಿಕದವರು' ಎಂದಷ್ಟೇ ಬರೆಯುತ್ತಾರಂತೆ. ಬಂದ ದಾರಿ ಮರೆತುಹೋಗಿದೆ, ಅಥವಾ ಸಾಕಾಗಿದೆ. ಡೆಬ್ರಾ ಬಾಯಿಯೂ ಹಾಗೆ ಬರೆಯುವವಳೇ. ಆದರೆ ಕೆಲಸಗಾತಿ, ನಾಲ್ಕು ಜನರ ಕೆಲಸ ಒಬ್ಬಳೇ ಹೊರುತ್ತಾಳೆ. ಇನ್ನು ಈ ರಾಜ್ಯಕ್ಕೆ ಹೆಸರು ಕೊಟ್ಟ ಮೂಲದ ಜನ. ಅವರನ್ನು ಇನ್ನೂರು ವರ್ಷದ ಹಿಂದೆ ಪಡುವಣಕ್ಕೆ ಅಟ್ಟಿದರಂತೆ. ನದಿಗೆ ಅವರದೇ ಹೆಸರು, ರಾಜ್ಯಕ್ಕೆ ಅವರದೇ ಹೆಸರು, ಉಳಿದವರು ಬೆರಳೆಣಿಕೆ. ನೀನು ಚಪ್ಪಲಿ ಇಟ್ಟದ್ದು ಸರಿಯಾಯಿತು.

ಏಷ್ಯಾದ ಖಾನೆಯಲ್ಲಿ ನಮ್ಮವಳೊಬ್ಬಳು ಸಿಕ್ಕಿದ್ದಾಳೆ. ಫರಹತ್, ಅಣ್ಣಿಗೇರಿಯವಳು, ದೊಡ್ಡ ಊರಿನ ಆಸ್ಪತ್ರೆಯಲ್ಲಿ ನರ್ಸು. ವಾರಕ್ಕೊಮ್ಮೆ ಎರಡು ತಾಸು ಕಾರು ಹೊಡೆದುಕೊಂಡು ಬಂದು ನನ್ನ ಮಾತು ಅವರಿಗೆ, ಅವರ ಮಾತು ನನಗೆ ದಾಟಿಸುತ್ತಾಳೆ. ಅವಳೇ ತಂದ ಹಿಟ್ಟಿನಲ್ಲಿ ನಾನು ಬಡಿದ ಜೋಳದ ರೊಟ್ಟಿ ಕೈಗೆ ಬಿದ್ದ ಕೂಡಲೇ ಅತ್ತುಬಿಟ್ಟಳು. ಅಣ್ಣಿಗೇರಿಯಲ್ಲಿದ್ದಿದ್ದರೆ ಅವಳು ನನ್ನ ಮನೆಗೆ ಊಟಕ್ಕೆ ಬರುತ್ತಿದ್ದಳೋ ಇಲ್ಲವೋ, ಇಲ್ಲಿ ಇಬ್ಬರದೂ ಒಂದೇ ಖಾನೆ.

ಸಮೀಕ್ಷೆಯ ಮಾತು. ನಮ್ಮ ಮನೆಗೆ ಬಂದಾಗ ನನ್ನ ಸಾಲು ಖಾಲಿ ಇಡು. ನಾನು ಬಂದು ಹೇಳುತ್ತೇನೆ. ಇದನ್ನು ಫೋನಿನಲ್ಲಿ ಹೇಳಲಿಲ್ಲ, ಯಾಕೆಂದರೆ ಭೀಮೇಶ ನಗುತ್ತಾನೆ. ನೀನು ನಗಬೇಡ, ಖಾಲಿ ಇಡು.

ನಿನ್ನ ಅವ್ವ


ಮೊರಬ
೧ ಅಕ್ಟೋಬರ್

ಅವ್ವ,

ನಿನ್ನ ಪತ್ರ ನಿನ್ನೆ ಬಂತು. ನಾಲ್ಕು ದಿನ ತಡವಾಗಿ ಬಂತು.

ನಮ್ಮ ಮನೆಯದು ಇಪ್ಪತ್ತಾರಕ್ಕೇ ಮುಗಿಸಿದ್ದೆ. ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಅವತ್ತು ಬೆಳಗಿನಿಂದ ಹನ್ನೆರಡು ಮನೆ ತಿರುಗಿದ್ದೆ. ಎಲ್ಲ ಕಡೆ ಒಂದೇ ಕಥೆ. ಹೆಂಗಸರು ಬಾಗಿಲ ಹಿಂದೆ, ಗಂಡಸರು ಕಟ್ಟೆಯ ಮೇಲೆ. ಪ್ರತಿ ಮನೆಯಲ್ಲೂ, 'ಅಕ್ಕಾರನ್ನ ಹೊರಗ ಕರೀರಿ, ಅವರದು ಅವರ ಹೇಳಲಿ' ಎಂದು ಹಟ ಹಿಡಿದು ಕೇಳಿದ್ದೇನೆ. ಒಬ್ಬ ಮುದುಕಿ ತನ್ನ ಹೆಸರು ತಾನೇ ಹೇಳಿ ಎಷ್ಟು ಹಿಗ್ಗಿದಳೆಂದರೆ, ನನಗೆ ಬಲವಂತ ಮಾಡಿ ಉಪ್ಪಿಟ್ಟು ತಿನ್ನಿಸಿದಳು. ನನ್ನ ಬಗ್ಗೆ ನನಗೇ ಹೆಮ್ಮೆ ಬಂದಿತ್ತು.

ಆಮೇಲೆ ನಮ್ಮ ಮನೆಗೆ ಬಂದೆ. ಭೀಮೇಶ ಅಪ್ಪನ ಕುರ್ಚಿಯಲ್ಲಿ ಕುಳಿತಿದ್ದ, ಬಸ್ ಡಿಪೋಕ್ಕೆ ಹೋಗುವ ಅವಸರದಲ್ಲಿದ್ದ. 'ಅವ್ವಂದೇನೈತಿ, ಬರ್ಕೊ' ಅಂದ. ಮನೆಯ ಯಜಮಾನ ಭೀಮೇಶ. ಮಾದೇವಿ, ತಾಯಿ, ಐವತ್ತೆಂಟು ವರ್ಷ, ಬೌದ್ಧ, ಶಾಲೆಗೆ ಹೋಗಿಲ್ಲ, ಕೂಲಿ. ಅವನು ಹೇಳಿದ್ದನ್ನೆಲ್ಲ ಒತ್ತಿದೆ. ನಿನ್ನ ಸಾಲಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಫೋನಿನಲ್ಲಿ ಕೇಳಬಹುದಿತ್ತು. ಕೇಳಲಿಲ್ಲ. ಎಲ್ಲ ಗೊತ್ತೇ ಇದೆಯಲ್ಲ ಎಂದುಕೊಂಡೆ. ಬೇರೆಯವರ ಅವ್ವಂದಿರನ್ನೆಲ್ಲ ಹೊರಗೆ ಕರೆದವಳು ನನ್ನ ಅವ್ವನನ್ನು ಕೇಳಲಿಲ್ಲ.

ಖಾಲಿ ಬಿಟ್ಟರೆ ಫೋನು ಮುಂದಕ್ಕೇ ಹೋಗುವುದಿಲ್ಲ ಅವ್ವ, ಅದು ನಿಜ. ಆದರೆ ಅದು ನೆಪ ಎನ್ನುವುದೂ ನಿಜ.

ನವಲಗುಂದದ ನನ್ನ ಗಂಡನ ಮನೆಯ ಸಮೀಕ್ಷೆಯೂ ಮುಗಿಯಿತು. ಸಾಧಿಕ್ ಮಾಸ್ತರು ಬಂದಿದ್ದರಂತೆ. ನಾನು ಮೊರಬದಲ್ಲಿ ಡ್ಯೂಟಿಯಲ್ಲಿದ್ದೆ. ನಮ್ಮ ಮನೆಯವರು ಹುಲಿಗೇಶ ಇದ್ದರು, ಎಲ್ಲಾ ಹೇಳಿ ಮುಗಿಸಿದರು. ಅಷ್ಟರ ಮಟ್ಟಿಗೆ ಕೆಲಸ ಹಗುರಾಯಿತು.

ಇದನ್ನು ಭಾನುವಾರ ಫೋನಿನಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಪತ್ರ.

ಗಂಗಾ


ಮೊರಬ
೨೦ ಅಕ್ಟೋಬರ್

ಅವ್ವ,

ನನ್ನ ಪತ್ರ ಸಿಕ್ಕಿರಬೇಕು. ಹೋದ ಭಾನುವಾರ, ಅದರ ಹಿಂದಿನ ಭಾನುವಾರ, ಎರಡೂ ಸಲ ನಿನ್ನ ಫೋನು ಬರಲಿಲ್ಲ. ಭೀಮೇಶ ಅಲ್ಲಿ ಮಳೆ ಇರಬೇಕು ಅಂದ. ಹೂಂ ಅಂದೆ. ಗಡುವು ಎರಡನೆಯ ಸಲ ಮುಂದೆ ಹೋಗಿದೆ. ತಿದ್ದುವುದಿದ್ದರೆ ತಿದ್ದಬಹುದು, ಆದರೆ ಆ ವ್ಯಕ್ತಿ ಎದುರಿಗಿರಬೇಕು.

ಸಿಟ್ಟಿದ್ದರೆ ಸಿಟ್ಟಿನಲ್ಲಿಯೇ ಎರಡು ಸಾಲು ಬರೆ.

ಗಂಗಾ


ಲಿಟಲ್ ಸೀಡರ್
೨೨ ಅಕ್ಟೋಬರ್

ಗಂಗಾ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಸಿಟ್ಟಿನ ಕೈಯಲ್ಲಿ ಹೊಲಿದರೆ ದಾರ ಗಂಟು ಬೀಳುತ್ತದೆ, ಅದಕ್ಕೇ ಬರೆಯಲಿಲ್ಲ, ಫೋನು ಮಾಡಲಿಲ್ಲ. ಮೂರು ದಿನ ಸೂಜಿಯನ್ನೂ ಮುಟ್ಟಲಿಲ್ಲ. ಅರ್ಲೀನಕ್ಕ ನೋಡಿದಳು. ಶನಿವಾರ ಫರಹತ್ ಬಂದ ಮೇಲೆ ಏನಾಯಿತೆಂದು ಕೇಳಿಸಿದಳು. ನಿನ್ನ ಪತ್ರವನ್ನು ಓದಿ ಹೇಳಿಸಿದೆ. ನಿನ್ನ ಮರ್ಯಾದೆ ಹೋಯಿತು ಎಂದುಕೊಳ್ಳಬೇಡ. ಮುಗಿದ ಮೇಲೆ ಅರ್ಲೀನಕ್ಕ ಹೇಳಿದ ಮೊದಲ ಮಾತು, ನಿನ್ನ ಮಗಳು ತನ್ನ ತಪ್ಪನ್ನು ತಾನೇ ಬರೆದು ಕಳಿಸಿದ್ದಾಳೆ, ಎಣಿಸಲು ಬಂದವರು ಯಾರೂ ನಮಗೆ ಇದನ್ನು ಮಾಡಿರಲಿಲ್ಲ ಎಂದು.

ಆಮೇಲೆ ನನ್ನನ್ನು ಒಳಗಿನ ಕೋಣೆಗೆ ಕರೆದೊಯ್ದಳು. ಗೋಡೆಯ ಮೇಲೆ ಗಾಜು ಹಾಕಿಸಿದ ಒಂದು ಹಾಳೆ. ಎರಡು ತಿಂಗಳಿನಿಂದ ನೋಡುತ್ತಿದ್ದೆ, ಹಳೆಯ ಮನೆಪತ್ರ ಇರಬೇಕೆಂದುಕೊಂಡಿದ್ದೆ. ಅದು ಅರ್ಲೀನಕ್ಕ ಆರು ವರ್ಷದವಳಿದ್ದಾಗಿನ ಜನಗಣತಿಯ ಹಾಳೆ. ಇಲ್ಲಿ ಎಪ್ಪತ್ತೆರಡು ವರ್ಷ ಗುಟ್ಟಾಗಿಟ್ಟು ಆಮೇಲೆ ಯಾರು ಬೇಕಾದರೂ ನೋಡಲು ಬಿಡುತ್ತಾರಂತೆ. ಆಗ ಎಣಿಸುವವನು ಅಂಗಳದಲ್ಲಿ ನಿಂತು ಮುಖ ನೋಡಿ ಕುಲ ಬರೆಯುತ್ತಿದ್ದನಂತೆ, ಕೇಳುತ್ತಿರಲಿಲ್ಲ. ಅವಳ ಅವ್ವನ ಹೆಸರಿನ ಮುಂದೆ ಉದ್ಯೋಗದ ಜಾಗದಲ್ಲಿ ಒಂದೇ ಒಂದು ಅಕ್ಷರವಿದೆ. ಮನೆಯಲ್ಲಿರುವವಳು ಎಂದು ಅದರ ಅರ್ಥ. ಏಳು ಮಕ್ಕಳನ್ನು ಹೆತ್ತು, ದಿನಕ್ಕೆ ಎರಡು ಮಣದ ಮೇಲೆ ಹತ್ತಿ ಬಿಡಿಸಿ, ಚಳಿಗಾಲದಲ್ಲಿ ಊರಿಗೆಲ್ಲ ಕೌದಿ ಹೊಲಿದವಳು.

ಅರ್ಲೀನಕ್ಕ ಆ ಹಾಳೆಯನ್ನು ಕಿತ್ತು ಬಿಸಾಕಲಿಲ್ಲ. ಅದರ ಕೆಳಗೆ ಅವ್ವನ ಕೌದಿ ತೂಗುಹಾಕಿ, ಕೌದಿಯ ಬೆನ್ನಿಗೆ ತನ್ನ ಕೈಯಾರೆ ಅವ್ವನ ಹೆಸರು, ಅವಳು ಮಾಡಿದ ಕೆಲಸವನ್ನೆಲ್ಲ ಕೆಂಪು ದಾರದಲ್ಲಿ ಹೊಲಿದಿದ್ದಾಳೆ. ಫರಹತ್ ಒಂದೊಂದೇ ಸಾಲು ಓದಿ ಹೇಳಿದಳು. ಕೊನೆಗೆ ಅರ್ಲೀನಕ್ಕನ ಮಾತನ್ನೂ ದಾಟಿಸಿದಳು. 'ನಮ್ಮವ್ವ ಸತ್ತ ಮ್ಯಾಲೆ ನಾ ಅಕಿ ಬದಲಿ ಹೇಳೀನಿ. ನೀ ಜೀವಂತ ಅದಿ. ನಿಂದು ನೀನ ಹೇಳು.'

ನಾನು ಯಾಕೆ ಖಾಲಿ ಇಡು ಅಂದೆ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ಹುಬ್ಬಳ್ಳಿಯ ಆ ಬಯಲಿಗೆ ನಾನೂ ಹೋಗಿದ್ದೆ. ನಿನಗೆ ಐದು ವರ್ಷ. ಹಿಂದಿನ ಸಾಲಿನಲ್ಲಿ ಕೌದಿ ಹಾಸಿ ನಿನ್ನನ್ನು ಮಲಗಿಸಿ, ಭೀಮೇಶನಿಗೆ ಹಾಲು ಕೊಡುತ್ತ, ಅವರು ಹೇಳಿಕೊಟ್ಟ ಮಾತನ್ನೆಲ್ಲ ನಾನೂ ಹೇಳಿದೆ. ಒಂದೂ ಬಿಡಲಿಲ್ಲ. ಆಮೇಲೆ ನಮ್ಮೂರಿನ ಪಟ್ಟಿ ಬರೆದರು. ನಲವತ್ತೊಂದು ಗಂಡಸರ ಹೆಸರು. ನಿಮ್ಮಪ್ಪ ಒಳ್ಳೆಯವನು, ಒಂದು ದಿನ ಕೈ ಎತ್ತಲಿಲ್ಲ. ಆದರೆ ಗಣತಿಯವರು ಬಂದಾಗಲೆಲ್ಲ ನಾನು ಒಲೆಯ ಮುಂದೆ ಕುಳಿತು, ಹೊರಗೆ ನನ್ನ ಉತ್ತರವನ್ನು ಅವನು ಹೇಳುವುದನ್ನು ಕೇಳಿಸಿಕೊಂಡಿದ್ದೇನೆ. ನಾಲ್ಕು ಸಲ. ಐದನೆಯ ಸಲ ಕೇಳಲು ಬರುವವಳು ನನ್ನ ಮಗಳೇ ಎಂದು ತಿಳಿದಾಗ ಎಷ್ಟು ಸಂತೋಷವಾಗಿತ್ತು ಗೊತ್ತೇನು? ವಿಮಾನ ಹತ್ತಿದಾಗಲೂ ಅಷ್ಟಾಗಿರಲಿಲ್ಲ.

ನೀನು ಕೌದಿಯ ಹೊಟ್ಟೆಗೆ ಏನೂ ಹಾಕದೆ ಮೂಲೆ ಹೊಲಿದುಬಿಟ್ಟೆ, ಅಷ್ಟೇ ಆದದ್ದು. ಬಿಚ್ಚಿ ಮತ್ತೆ ಹೊಲಿಯಬಹುದು. ವಿಮಾನ ನಿಲ್ದಾಣದ ಆ ಹೆಣ್ಣುಮಗಳೂ ಬಿಚ್ಚಿದ್ದು ನಾಲ್ಕೇ ಬೆರಳು.

ನನ್ನ ಕೌದಿಯೂ ಉಂಡಿತು. ಇವರು ಗೋವಿನಜೋಳದ ಹಿಟ್ಟಿನಲ್ಲಿ ದಪ್ಪ ರೊಟ್ಟಿ ಸುಡುತ್ತಾರೆ. ಅದರ ಒಂದು ಚೂರು ಅರ್ಲೀನಕ್ಕ ತನ್ನ ಕೈಯಿಂದಲೇ ಇಟ್ಟು, ಪಿನ್ನು ತೆಗೆದು ಹೊಲಿದಳು. ಊರಿಗೆ ಬರುವಾಗ ಅದನ್ನು ತರುವುದಿಲ್ಲ, ಇಲ್ಲಿಯೇ ಬಿಟ್ಟು ಬರುತ್ತೇನೆ. ನಾಯಿಗೆ ಹೆದರಿ ಅಲ್ಲ. ಅರ್ಲೀನಕ್ಕನ ಮಂಚಕ್ಕೆ ಅದು ಚೆನ್ನಾಗಿ ಕೂಡಿದೆ.

ಆರನೆಯ ತಾರೀಖು ಬರುತ್ತೇನೆ. ಉತ್ತರ ಈ ಪತ್ರದಲ್ಲಿ ಬರೆಯುವುದಿಲ್ಲ. ಬಂದು ಕೇಳು.

ನಿನ್ನ ಅವ್ವ,
ಮಾದೇವಿ


ನವಲಗುಂದ
೧೨ ನವೆಂಬರ್

ಅರ್ಲೀನಕ್ಕನವರಿಗೆ,

ನಾನು ಮಾದೇವಿಯ ಮಗಳು. ಇದನ್ನು ಫರಹತ್ ಅವರು ನಿಮಗೆ ಓದಿ ಹೇಳುತ್ತಾರೆಂದು ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ.

ಅವ್ವ ಸುಖವಾಗಿ ಬಂದು ತಲುಪಿದಳು. ಎರಡು ದಿನ ಮಲಗಿದಳು, ಮೂರನೆಯ ದಿನ ಊರಿಗೆಲ್ಲ ನಿಮ್ಮ ಸುದ್ದಿ ಹಂಚಿದಳು. ಈಗ ಮೊರಬದ ನಮ್ಮ ಓಣಿಯಲ್ಲಿ ನಿಮ್ಮ ಬೆನ್ನು ಎಷ್ಟು ನೆಟ್ಟಗಿದೆ ಎಂದು ತಿಳಿಯದವರು ಯಾರೂ ಇಲ್ಲ.

ನೀವು ಅವಳಿಗೆ ಹೇಳಿದ ಮಾತಿನಿಂದ ಆದದ್ದನ್ನು ನಿಮಗೆ ತಿಳಿಸುವುದು ನನ್ನ ಕರ್ತವ್ಯ. ಗಡುವು ಮೂರನೆಯ ಸಲ ಮುಂದೆ ಹೋಗಿ ಹತ್ತನೆಯ ತಾರೀಖು ಸಂಜೆ ಆರು ಗಂಟೆಗೆ ಬಂದು ನಿಂತಿತ್ತು. ಅವತ್ತು ಮಧ್ಯಾಹ್ನ ಅವ್ವ ಇಳಕಲ್ಲ ಸೀರೆ ಉಟ್ಟು, ನನ್ನ ಅಪ್ಪನ ಕುರ್ಚಿಯನ್ನು ಒರೆಸಿ ಅಂಗಳದಲ್ಲಿ ಹಾಕಿ ಕುಳಿತಳು. ನನ್ನ ತಮ್ಮ ಬಾಗಿಲಲ್ಲಿ ನಿಂತಿದ್ದ. ಅವನಿಗೆ ಅವ್ವ ಹೇಳಿದಳು, 'ನೀ ಒಳಗ ಒಲಿ ಮುಂದ ಕುಂಡ್ರು. ಕರದ್ರ ನೀರು ತಗೊಂಡ ಬಾ.' ಅವನು ನಕ್ಕ, ಅವ್ವ ನಗಲಿಲ್ಲ. ಒಳಗೆ ಹೋಗಿ ಕುಳಿತ.

ನಾನು ಕೇಳಿದೆ, ಅವಳು ಹೇಳಿದಳು. ಪರಿಚಯವೇ ಇಲ್ಲದ ಮನೆಗೆ ಹೋದ ಹಾಗೆ ಎಲ್ಲವನ್ನೂ ಮೊದಲಿನಿಂದ ಕೇಳಿದೆ. ಹೆಸರು ಮಾದೇವಿ. ವಯಸ್ಸು ಅರವತ್ತೊಂದು, ಮೂರು ವರ್ಷ ನಾವು ಕಡಿಮೆ ಹಿಡಿದಿದ್ದೆವು. ಮನೆಯ ಯಜಮಾನರು ಯಾರು ಎಂದೆ. 'ನಾನ' ಎಂದಳು. ಒಳಗೆ ಪಾತ್ರೆಯ ಸದ್ದಾಯಿತು. ಓದು ಕೇಳಿದಾಗ, ಮಗಳ ಕಡೆ ಕಲಿತೆ ಎಂದಳು. ಅಂಥ ಉತ್ತರ ಫೋನಿನಲ್ಲಿಲ್ಲ, ಆದರೂ ನನಗೆ ಅದನ್ನು ಎರಡನೆಯ ಸಲ ಕೇಳಬೇಕೆನಿಸಿತು.

ಆಮೇಲೆ ಧರ್ಮ ಕೇಳಿದೆ. ಹೋದ ಸಲ ಅಪ್ಪನ ಉತ್ತರವನ್ನೇ ಒತ್ತಿದ್ದೆ, ಅವಳದು ಬೇರೆ ಇರಬೇಕು, ಅದಕ್ಕೇ ಇಷ್ಟೆಲ್ಲ ಎಂದುಕೊಂಡಿದ್ದೆ. ಅವ್ವ ಹೇಳಿದಳು,

'ಬೌದ್ಧ. ನಿಮ್ಮಪ್ಪ ಹೇಳಿದ್ದಕ್ಕಲ್ಲ. ನಾ ಹೇಳಿದ್ದಕ್ಕ.'

'ಹಂಗಾರ ನಾ ಬರದದ್ದ ಸರಿ ಇತ್ತಲ್ಲವ್ವ?'

'ಸರಿ ಇತ್ತು. ಖರೆ, ನಂದಿರಲಿಲ್ಲ.'

ಉದ್ಯೋಗದ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿಸಿದಳು. ಯಾವುದೂ ಬೇಡವೆಂದಳು. ಕೊನೆಗೆ 'ಇತರೆ' ಎಂಬಲ್ಲಿ ಬರೆಯಲು ಸ್ವಲ್ಪ ಜಾಗ ಇತ್ತು. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ, 'ಕೌದಿ ಹೊಲಿಯುವುದು' ಎಂದು ತಾನೇ ಬರೆದಳು. ನಾನು ಪಾಟಿಯ ಮೇಲೆ ಕಲಿಸಿದ 'ಹ' ಇವತ್ತಿಗೂ ಅವಳಿಗೆ ಹುಡುಕಿದರೇ ಸಿಗುವುದು. ಒಂದು ಸಾಲಿಗೆ ಅರ್ಧ ತಾಸು ಹಿಡಿಯಿತು. ಅಷ್ಟು ಚೆನ್ನಾಗಿ ತುಂಬಿದ ಸಾಲು ನನ್ನ ಪಟ್ಟಿಯಲ್ಲಿ ಇನ್ನೊಂದಿಲ್ಲ. ನನ್ನ ಅವ್ವ ಎಷ್ಟು ದೊಡ್ಡವಳು ಎಂದು ನನಗೆ ತಿಳಿಯಲು ನಿಮ್ಮ ದೇಶದವರೆಗೆ ಅವಳು ಹೋಗಿ ಬರಬೇಕಾಯಿತು.

ಮುಗಿಯಿತೆಂದು ಫೋನು ಚೀಲಕ್ಕೆ ಹಾಕಿ ಎದ್ದೆ. ಅವ್ವ ಕುರ್ಚಿಯಿಂದ ಏಳಲಿಲ್ಲ.

'ನವಲಗುಂದದ ಮನ್ಯಾಗ ನಿಂದು ಯಾರ ಹೇಳಿದ್ರು?' ಎಂದು ಕೇಳಿದಳು.

ನವಲಗುಂದದ ಎಣಿಕೆಯ ದಿನ ನಾನು ಮೊರಬದ ಓಣಿಯಲ್ಲಿದ್ದೆ, ಬಾಗಿಲ ಹಿಂದಿನ ಹೆಂಗಸರನ್ನು ಹೊರಗೆ ಕರೆಯುತ್ತ. ನನ್ನದನ್ನು ನನ್ನ ಗಂಡ ಹೇಳಿ ಮುಗಿಸಿದ್ದರು, ಅದಕ್ಕೆ ನಾನು ಹಗುರಾಯಿತೆಂದು ಅವ್ವನಿಗೆ ಬರೆದೂ ಇದ್ದೆ. ಅವಳು ಅದನ್ನು ಓದಿ ಇಷ್ಟು ದಿನ ಸುಮ್ಮನಿದ್ದಳು. ಆಗ ಗಂಟೆ ನಾಲ್ಕೂ ಇಪ್ಪತ್ತು. ನಾಲ್ಕೂವರೆಯ ಬಸ್ಸಿಗೆ ಓಡಿದೆ.

ಮನೆಗೆ ಬಂದು ಹುಲಿಗೇಶ ಅವರನ್ನು ಕೇಳಿದೆ, ನನ್ನ ಸಾಲಿನಲ್ಲಿ ಏನೇನು ಹೇಳಿದಿರಿ ಎಂದು. ಬಹಳ ಯೋಚಿಸಿದರು. ಅವರಿಗೆ ನೆನಪಿರಲಿಲ್ಲ.

ನವಲಗುಂದದ ನಮ್ಮ ಮನೆ ಎಣಿಸಿದ ಸಾಧಿಕ್ ಮಾಸ್ತರಿಗೆ ಬಸ್ಸಿನಿಂದಲೇ ಫೋನು ಮಾಡಿದ್ದೆ. ಐದೂ ನಲವತ್ತಕ್ಕೆ ಬಂದರು. ಎಂದಿನಂತೆ ನಮ್ಮ ಮನೆಯವರ ಕಡೆ ತಿರುಗಿ ಕುಳಿತರು. ನಾನು ಒಳಗಿನಿಂದ ಇನ್ನೊಂದು ಕುರ್ಚಿ ತಂದು ಅವರ ಎದುರಿಗೆ ಹಾಕಿ ಕುಳಿತೆ.

'ಕೇಳ್ರಿ ಸರ್,' ಎಂದೆ.

ಮಾದೇವಿಯ ಮಗಳು,
ಗಂಗಾ